ಹೆಣ್ಣಿನ ಮಾರಾಟ ಮತ್ತು ಸಾಲದ ಜೀತ

ಭಾರತದ ಸಂವಿಧಾನದ 23ನೇ ವಿಧಿಯು ಮನುಷ್ಯರ ವ್ಯಾಪಾರವನ್ನೂ ಬಿಟ್ಟಿ ದುಡಿಮೆಯನ್ನೂ ಅದೇ ಬಗೆಯ ಇತರ ಬಲವಂತದ ದುಡಿಮೆಯನ್ನೂ ಒಂದೇ ವಾಕ್ಯದಲ್ಲಿ ನಿಷೇಧಿಸುತ್ತದೆ. ಈ ಮೂರೂ ಹೀಗೆ ಒಂದೆಡೆ ಸೇರಿರುವುದಕ್ಕೆ ಅರ್ಥವಿದೆ. ಒಡೆಯನ ಹೊಲದಲ್ಲಿ ಅಪ್ಪನ ಸಾಲಕ್ಕಾಗಿ ಮಗನೂ ದುಡಿಯುವ ಜೀತ ಮತ್ತು ದೂರದ ನಗರದ ವೇಶ್ಯಾಗೃಹವೊಂದರಲ್ಲಿ ತನ್ನನ್ನು ಕೊಂಡ ಬೆಲೆಯನ್ನು ತಾನೇ ದುಡಿದು ತೀರಿಸಬೇಕಾದ ಹುಡುಗಿಯ ಬದುಕು ಎರಡೂ ಒಂದೇ ಬೇರಿನಿಂದ ಹುಟ್ಟಿದಂಥವು. ಆದರೆ ಗಣರಾಜ್ಯವು ಮುಂದೆ ಕಾನೂನುಗಳನ್ನು ರಚಿಸುವಾಗ ಈ ಒಂದು ವಾಕ್ಯವನ್ನು ಎರಡಾಗಿ ಸೀಳಿತು. ಹೊಲದ ಜೀತ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪಾಲಿಗೆ ಬಂದು ಕಂದಾಯ ಆಡಳಿತದ ಹೊಣೆಯಾಯಿತು. ಹೆಣ್ಣಿನ ಮಾರಾಟ 1956ರ ಅನೈತಿಕ ವ್ಯವಹಾರ ಕಾಯ್ದೆಯ ಪಾಲಿಗೆ ಬಂದು ಪೊಲೀಸ್ ಠಾಣೆಯ ಹೊಣೆಯಾಯಿತು. ಮೊದಲನೆಯದರಲ್ಲಿ ಸಾಲ ಮುಖ್ಯವಾದರೆ ಎರಡನೆಯದರಲ್ಲಿ ಶೀಲ ಮುಖ್ಯವಾಯಿತು. ದೇಶದೊಳಗಿನ ಹೆಣ್ಣುಮಕ್ಕಳ ಸಾಗಣೆಯನ್ನು ತಡೆಯುವ ಕೆಲಸ ಎಪ್ಪತ್ತು ವರ್ಷಗಳಲ್ಲಿ ಇಷ್ಟು ಕಡಿಮೆ ಫಲ ಕೊಟ್ಟಿರುವುದಕ್ಕೆ ಈ ಸೀಳುವಿಕೆಯೇ ಒಂದು ದೊಡ್ಡ ಕಾರಣ.

ಮಾನವ ಕಳ್ಳಸಾಗಣೆ ಎಂಬ ಪದ ಕೇಳಿದೊಡನೆ ಗಡಿ, ಹಡಗು, ಸುಳ್ಳು ಪಾಸ್‌ಪೋರ್ಟ್‌ಗಳ ಚಿತ್ರ ಮನಸ್ಸಿಗೆ ಬರುವುದುಂಟು. ಅಂತರರಾಷ್ಟ್ರೀಯ ಕಾನೂನಿನ ಅರ್ಥ ಅಷ್ಟು ಕಿರಿದಲ್ಲ. ವಿಶ್ವಸಂಸ್ಥೆ 2000ನೇ ಇಸವಿಯಲ್ಲಿ ಅಂಗೀಕರಿಸಿದ, ಭಾರತವು 2011ರಲ್ಲಿ ಅನುಮೋದಿಸಿದ ಪಲೆರ್ಮೊ ಒಪ್ಪಂದದ ಪ್ರಕಾರ ಸಾಗಣೆಗೆ ಮೂರು ಅಂಗಗಳಿವೆ: ಒಬ್ಬರನ್ನು ಸೇರಿಸಿಕೊಳ್ಳುವ, ಸಾಗಿಸುವ ಅಥವಾ ಇರಿಸಿಕೊಳ್ಳುವ ಕ್ರಿಯೆ, ಅದಕ್ಕೆ ಬಳಸಿದ ಬಲಪ್ರಯೋಗ, ಮೋಸ, ಆಮಿಷ ಅಥವಾ ಅಸಹಾಯಕತೆಯ ದುರುಪಯೋಗ, ಮತ್ತು ಶೋಷಣೆಯ ಉದ್ದೇಶ. ಹದಿನೆಂಟು ವರ್ಷ ತುಂಬದವರ ವಿಷಯದಲ್ಲಿ ಎರಡನೆಯ ಅಂಗವನ್ನು ಸಾಬೀತು ಮಾಡುವ ಅಗತ್ಯವೇ ಇಲ್ಲ, ಏಕೆಂದರೆ ಮಗುವಿನ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಗಡಿ ದಾಟಿಸುವುದು ಈ ಮೂರರಲ್ಲಿ ಎಲ್ಲಿಯೂ ಬರುವುದಿಲ್ಲ. ಭಾರತದಲ್ಲಿ ನಡೆಯುವ ಸಾಗಣೆಯ ಬಹುಪಾಲು ದೇಶದೊಳಗೇ, ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ, ಸಾಮಾನ್ಯ ರೈಲಿನಲ್ಲಿ, ಹಗಲು ಹೊತ್ತಿನಲ್ಲಿ, ಟಿಕೆಟ್ಟು ಕೊಂಡು ನಡೆಯುತ್ತದೆ.

ಆ ಪ್ರಯಾಣಕ್ಕೆ ಹುಡುಗಿಯನ್ನು ಹೊರಡಿಸುವುದು ಸಾಮಾನ್ಯವಾಗಿ ನಂಬಿಕೆ. ದಲ್ಲಾಳಿ ಅಪರಿಚಿತನಾಗಿರುವುದು ಕಡಿಮೆ. ಅವನು ದೂರದ ಸಂಬಂಧಿಯೋ, ಪ್ರೀತಿಸುವುದಾಗಿ ಹೇಳಿದ ಹುಡುಗನೋ, ಊರು ಬಿಟ್ಟು ಹೋಗಿ ಒಳ್ಳೆಯ ಸೀರೆ ಉಟ್ಟು ಮರಳಿದ ನೆರೆಮನೆಯ ಹೆಂಗಸೋ ಆಗಿರುತ್ತಾನೆ ಅಥವಾ ಆಗಿರುತ್ತಾಳೆ. ಪಶ್ಚಿಮ ಬಂಗಾಳದ ಸುಂದರಬನ ಪ್ರದೇಶದಲ್ಲಿ 2009ರ ಐಲಾ ಮತ್ತು 2020ರ ಅಂಫಾನ್ ಚಂಡಮಾರುತಗಳು ಹೊಲಗಳಿಗೆ ಉಪ್ಪುನೀರು ನುಗ್ಗಿಸಿ ಕುಟುಂಬಗಳನ್ನು ಬರಿಗೈ ಮಾಡಿದ ಮೇಲೆ ದಲ್ಲಾಳಿಗಳಿಗೆ ಬಾಗಿಲುಗಳು ಸುಲಭವಾಗಿ ತೆರೆದವು. ಜಾರ್ಖಂಡ್‌ನ ಆದಿವಾಸಿ ಹಳ್ಳಿಗಳಿಂದ ಮನೆಗೆಲಸದ ಹೆಸರಿನಲ್ಲಿ ದೆಹಲಿಯ ನೇಮಕಾತಿ ಏಜೆನ್ಸಿಗಳಿಗೆ ಹುಡುಗಿಯರು ಹೋಗುತ್ತಾರೆ. ಹೆಣ್ಣು ಭ್ರೂಣಹತ್ಯೆಯಿಂದ ಲಿಂಗಾನುಪಾತ ಕುಸಿದಿರುವ ಹರಿಯಾಣಕ್ಕೆ ಬಂಗಾಳ, ಅಸ್ಸಾಂ, ಒಡಿಶಾಗಳಿಂದ ವಧುಗಳನ್ನು ತರಲಾಗುತ್ತದೆ. ಅಂಥವರನ್ನು ಅಲ್ಲಿ ಕರೆಯುವ ಹೆಸರೇ ‘ಮೋಲ್ಕಿ’, ಅಂದರೆ ಬೆಲೆ ಕೊಟ್ಟು ತಂದವಳು. ಬಡತನ ಒಂದೇ ಕಾರಣವೆನ್ನುವುದು ಅರ್ಧ ಸತ್ಯ ಮಾತ್ರ, ಬಡವರೆಲ್ಲರೂ ಮಾರಾಟವಾಗುವುದಿಲ್ಲ. ಬಡತನದ ಜೊತೆಗೆ ಬಾಲ್ಯವಿವಾಹ, ಶಾಲೆ ಬಿಡಿಸುವುದು, ಜಾತಿಯ ಕೀಳರಿಮೆ, ಗಂಡ ಬಿಟ್ಟವಳಿಗೆ ತವರಿನಲ್ಲೂ ಜಾಗವಿಲ್ಲದಿರುವುದು ಎಲ್ಲವೂ ಸೇರಿದಾಗ ದಲ್ಲಾಳಿಯ ಮಾತೊಂದೇ ಮುಂದಿರುವ ದಾರಿಯಂತೆ ಕಾಣುತ್ತದೆ.

ತಲುಪಿದ ಮೇಲೆ ನಡೆಯುವುದನ್ನು ಅರಿಯಲು ಲೆಕ್ಕದ ಪುಸ್ತಕವನ್ನು ನೋಡಬೇಕು. ದಲ್ಲಾಳಿಗೆ ಕೊಟ್ಟ ಹಣವನ್ನು ವೇಶ್ಯಾಗೃಹದ ಒಡತಿ, ಮುಂಬೈಯ ಮಾತಿನಲ್ಲಿ ಘರ್‌ವಾಲಿ, ಹುಡುಗಿಯ ಹೆಸರಿನಲ್ಲಿ ಸಾಲವಾಗಿ ಬರೆಯುತ್ತಾಳೆ. ತನ್ನನ್ನು ಮಾರಿದ್ದಕ್ಕೆ ಬಂದ ಹಣದಲ್ಲಿ ಒಂದು ಕಾಸನ್ನೂ ಕಾಣದ ಹುಡುಗಿ ಆ ಹಣದ ಸಾಲಗಾರಳಾಗುತ್ತಾಳೆ. ಅದಕ್ಕೆ ಬಡ್ಡಿ ಬೀಳುತ್ತದೆ. ಊಟ, ಬಟ್ಟೆ, ಹಾಸಿಗೆಯ ಬಾಡಿಗೆ, ಔಷಧಿ, ಪೊಲೀಸರಿಗೆ ಕೊಟ್ಟ ಲಂಚ, ಜಾಮೀನಿನ ಖರ್ಚು ಎಲ್ಲವೂ ಅದೇ ಪುಟಕ್ಕೆ ಸೇರುತ್ತವೆ. ಓದು ಬಾರದವಳಿಗೆ ಆ ಪುಟ ತೋರಿಸುವವರಿಲ್ಲ, ತೋರಿಸಿದರೂ ಭಾಷೆ ಬೇರೆ. ಕೋಲ್ಕತ್ತದ ಸೋನಾಗಾಚಿಯಲ್ಲಿ ಈ ಹಂತದಲ್ಲಿರುವವಳನ್ನು ‘ಛುಕ್ರಿ’ ಎನ್ನುತ್ತಾರೆ. ಅವಳ ದುಡಿಮೆಯ ಪೂರ್ತಿ ಹಣ ಒಡತಿಯದು. ಸಾಲ ತೀರಿತೆಂದು ಒಡತಿ ಒಪ್ಪಿದ ಮೇಲೆ ಬರುವುದು ‘ಆಧಿಯಾ’, ಅಂದರೆ ಅರ್ಧಪಾಲು; ಗದ್ದೆಯನ್ನು ಕೋರಿಗೆ ಕೊಟ್ಟಂತೆ ಇಲ್ಲಿ ದೇಹದ ಗಳಿಕೆಯ ಅರ್ಧ ಒಡತಿಗೆ ಸಲ್ಲಬೇಕು. ಆ ವೇಳೆಗೆ ಹಲವು ವರ್ಷಗಳು ಕಳೆದಿರುತ್ತವೆ, ಒಂದೆರಡು ಮಕ್ಕಳಾಗಿರುತ್ತವೆ, ಊರಿಗೆ ಮರಳುವ ಮುಖ ಉಳಿದಿರುವುದಿಲ್ಲ. ಮೊದಲ ವಾರಗಳ ಹೊಡೆತ, ಉಪವಾಸ, ಬೀಗ ಹಾಕಿದ ಕೋಣೆಗಳು ಮುಗಿದ ಮೇಲೆ ಬೀಗದ ಅಗತ್ಯ ಬೀಳದಿರುವುದು ಈ ಕಾರಣಕ್ಕೇ. ಅಂಥ ಹೊತ್ತಿನಲ್ಲಿ ದಾಳಿ ಮಾಡಿದ ಅಧಿಕಾರಿಗೆ ತೆರೆದ ಬಾಗಿಲು ಕಾಣುತ್ತದೆ, ಸಾಲದ ಪುಸ್ತಕ ಕಾಣುವುದಿಲ್ಲ, ಹಾಗಾಗಿ ಇವಳು ತಾನಾಗಿಯೇ ಬಂದವಳೆಂದು ಬರೆದುಕೊಂಡು ಹೋಗುವುದು ಸುಲಭವಾಗುತ್ತದೆ.

ಈ ಜಾಲದೊಂದಿಗೆ ಕನ್ನಡ ನಾಡಿಗಿರುವ ನಂಟು ಹಳೆಯದು ಮತ್ತು ನೋವಿನದು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗಗಳಲ್ಲಿ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ಮುತ್ತು ಕಟ್ಟಿ ದೇವದಾಸಿ ಎಂದೋ ಬಸವಿ ಎಂದೋ ಬಿಡುವ ಪದ್ಧತಿಯು ಹುಡುಗಿಗೆ ಮದುವೆಯ ಹಕ್ಕನ್ನು ನಿರಾಕರಿಸಿ, ಅವಳ ಮೇಲೆ ಊರಿನ ಬಲಿಷ್ಠರಿಗೆ ಹಕ್ಕು ಕೊಟ್ಟು, ಆ ಊರಿನ ಆಸರೆ ತಪ್ಪಿದಾಗ ಅವಳನ್ನು ಸಾಂಗ್ಲಿ, ಮೀರಜ್, ಪುಣೆಯ ಬುಧವಾರ ಪೇಠ, ಮುಂಬೈಯ ಕಾಮಾಠಿಪುರಗಳ ದಾರಿಗೆ ಹಚ್ಚಿತು. ದೇವರ ಹೆಸರಿನಲ್ಲಿ ಹೋದವಳಿಗೆ ದಲ್ಲಾಳಿ ಬೇರೆ ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಕರ್ನಾಟಕವು 1982ರಲ್ಲಿ ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಮಾಡಿತು. ಆದರೂ ಸರ್ಕಾರವೇ 1993–94ರಲ್ಲಿ ಮತ್ತು 2007–08ರಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಬದಲಾವಣೆ ಬಂದದ್ದು ಕಾನೂನಿನ ಭಯದಿಂದ ಎನ್ನುವುದಕ್ಕಿಂತ ಆ ಹೆಂಗಸರು ಒಗ್ಗೂಡಿದ್ದರಿಂದ ಎನ್ನಬೇಕು. ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಅವರು ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರ ಸಂಘಟನೆಯನ್ನು ಮುನ್ನಡೆಸಿ, ಊರೂರು ತಿರುಗಿ ಸಮರ್ಪಣೆಗಳನ್ನು ತಡೆದು, 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದದ್ದು ಈ ಮಾತಿಗೆ ಸಾಕ್ಷಿ. ಮೈಸೂರಿನಲ್ಲಿ ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಕಟ್ಟಿದ ‘ಒಡನಾಡಿ’ ಸಂಸ್ಥೆಯೂ ದಶಕಗಳಿಂದ ಮಾರಾಟವಾದ ಹೆಣ್ಣುಮಕ್ಕಳನ್ನು ಬಿಡಿಸಿ ಆಸರೆ ಕೊಡುತ್ತ ಬಂದಿದೆ.

ಗೋವಾದ ವಾಸ್ಕೊ ಬಳಿಯ ಬೈನಾ ಕಡಲತೀರದ ಕಥೆಯನ್ನು ಕನ್ನಡಿಗರು ವಿಶೇಷವಾಗಿ ನೆನಪಿಡಬೇಕು. ಅಲ್ಲಿನ ವೇಶ್ಯಾಕೇರಿಯಲ್ಲಿ ಕನ್ನಡ ಮತ್ತು ತೆಲುಗು ಮಾತನಾಡುವ ಹೆಂಗಸರ ಸಂಖ್ಯೆ ದೊಡ್ಡದಿತ್ತು; ಅವರಲ್ಲಿ ಅನೇಕರು ದೇವದಾಸಿ ಹಿನ್ನೆಲೆಯವರು. 2004ರ ಜೂನ್ ತಿಂಗಳ ಮಳೆಯಲ್ಲಿ ಆಡಳಿತವು ಆ ಗುಡಿಸಲುಗಳನ್ನು ಬುಲ್ಡೋಜರಿನಿಂದ ನೆಲಸಮ ಮಾಡಿತು. ಕೇರಿ ಹೋಯಿತು, ವ್ಯಾಪಾರ ಹೋಗಲಿಲ್ಲ. ಅದು ವಸತಿಗೃಹಗಳಿಗೆ, ಬಾಡಿಗೆ ಮನೆಗಳಿಗೆ, ಬೇರೆ ಊರುಗಳಿಗೆ ಚದುರಿತು, ಮತ್ತು ಕೇರಿಯಲ್ಲಿದ್ದಾಗ ಆರೋಗ್ಯ ಕಾರ್ಯಕರ್ತೆಯರ ಕೈಗೆ ಸಿಗುತ್ತಿದ್ದ ಹೆಂಗಸರು ಯಾರ ಕೈಗೂ ಸಿಗದವರಾದರು. ಈಗ ಬೆಂಗಳೂರಿನಂಥ ನಗರಗಳಲ್ಲಿಯೂ ವ್ಯಾಪಾರದ ರೂಪ ಅದೇ: ಗುರುತಿಸಬಹುದಾದ ಬೀದಿಯ ಬದಲು ಅಪಾರ್ಟ್‌ಮೆಂಟು, ಮಸಾಜ್ ಪಾರ್ಲರು, ಲಾಡ್ಜು ಮತ್ತು ಮೊಬೈಲಿಗೆ ಬರುವ ಚಿತ್ರಗಳು.

ಕಾನೂನಿನ ಕಡೆಗೆ ಬಂದರೆ, ಭಾರತವು 1950ರ ಮೇ 9ರಂದು ನ್ಯೂಯಾರ್ಕಿನಲ್ಲಿ ಸಹಿ ಮಾಡಿದ ಅಂತರರಾಷ್ಟ್ರೀಯ ಒಡಂಬಡಿಕೆಯ ಅನುಸಾರ 1956ರ ಕಾಯ್ದೆ ಬಂದಿತು. 1986ರ ತಿದ್ದುಪಡಿಯಲ್ಲಿ ಅದಕ್ಕೆ ಈಗಿನ ಹೆಸರು ಬಿತ್ತು. ವೇಶ್ಯಾಗೃಹ ನಡೆಸುವುದು, ಆ ಗಳಿಕೆಯಲ್ಲಿ ಬದುಕುವುದು, ಹೆಣ್ಣನ್ನು ತಂದೊಪ್ಪಿಸುವುದು ಇವೆಲ್ಲ ಅದರಲ್ಲಿ ಅಪರಾಧ. ಆದರೆ ಅದೇ ಕಾಯ್ದೆಯ 8ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆಯುವುದನ್ನೂ ಅಪರಾಧವೆನ್ನುತ್ತದೆ, ಮತ್ತು ಆ ತಪ್ಪಿಗೆ ಹೆಣ್ಣಿಗೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಸೆರೆ ವಿಧಿಸಬಹುದಾದರೆ, ಅದೇ ತಪ್ಪು ಮಾಡಿದ ಗಂಡಿಗೆ ಏಳು ದಿನದಿಂದ ಮೂರು ತಿಂಗಳವರೆಗಿನ ಶಿಕ್ಷೆ ಸಾಕೆನ್ನುತ್ತದೆ. ಬೀದಿಯಲ್ಲಿ ನಿಂತವಳು ಕೈಗೆ ಸುಲಭವಾಗಿ ಸಿಗುತ್ತಾಳೆ. ಅವಳನ್ನು ಅಲ್ಲಿ ನಿಲ್ಲಿಸಿದವನು ಮುನ್ನೂರು ಮೈಲಿ ಆಚೆ ಇರುತ್ತಾನೆ. ಹೀಗಾಗಿ ಹಲವು ವರ್ಷಗಳ ಕಾಲ ಈ ಕಾಯ್ದೆಯ ಭಾರ ಬಿದ್ದದ್ದು ಯಾರನ್ನು ಕಾಪಾಡಬೇಕಿತ್ತೋ ಅವರ ಮೇಲೇ.

ದಾಳಿಯ ನಂತರದ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. 1996ರ ಫೆಬ್ರವರಿಯಲ್ಲಿ ಮುಂಬೈಯ ವೇಶ್ಯಾಗೃಹಗಳ ಮೇಲೆ ನಡೆದ ದೊಡ್ಡ ದಾಳಿಯಲ್ಲಿ ನಾನೂರಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಲಾಯಿತು. ಅವರಲ್ಲಿ ಬಹಳಷ್ಟು ಮಂದಿ ನೇಪಾಳದವರು. ಅವರನ್ನು ಎಲ್ಲಿ ಇರಿಸಬೇಕು, ಯಾರು ಕರೆದೊಯ್ಯಬೇಕು ಎಂಬುದಕ್ಕೆ ಸಿದ್ಧತೆ ಇರಲಿಲ್ಲ, ಕೊನೆಗೆ ನೇಪಾಳದ ಸ್ವಯಂಸೇವಾ ಸಂಸ್ಥೆಗಳು ಮುಂದೆ ಬಂದವು. 1956ರ ಕಾಯ್ದೆಯ 17ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಬಿಡುಗಡೆಯಾದವಳನ್ನು ಒಂದರಿಂದ ಮೂರು ವರ್ಷ ರಕ್ಷಣಾಗೃಹದಲ್ಲಿ ಇರಿಸಬಹುದು. ಅಪರಾಧಕ್ಕೆ ಗುರಿಯಾದವಳು ಬೀಗ ಹಾಕಿದ ಕಟ್ಟಡದಲ್ಲಿ, ಸಾಗಿಸಿದವನು ಜಾಮೀನಿನ ಮೇಲೆ ಹೊರಗೆ: ದೇಶದ ಅನೇಕ ಪ್ರಕರಣಗಳ ನಿಜಸ್ಥಿತಿ ಇದು. ಗೋಡೆ ಹಾರಿ ಓಡಿಹೋದ ಹುಡುಗಿಯರ ಸುದ್ದಿ ಬಂದಾಗಲೆಲ್ಲ ಅವರ ಕೃತಘ್ನತೆಯ ಮಾತು ಏಳುತ್ತದೆ; ಆದರೆ ಊರಿನಲ್ಲಿ ಮಕ್ಕಳಿಗೆ ತಿಂಗಳ ಹಣ ಕಳಿಸಬೇಕಾದವಳಿಗೆ ಟೈಲರಿಂಗ್ ತರಗತಿ ಮತ್ತು ಬೀಗ ಎರಡನ್ನು ಮಾತ್ರ ಕೊಟ್ಟ ವ್ಯವಸ್ಥೆಯನ್ನೇ ಮೊದಲು ಪ್ರಶ್ನಿಸಬೇಕು.

ದೆಹಲಿಯ 2012ರ ಡಿಸೆಂಬರ್ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿಯ ವರದಿಯ ಆಧಾರದಲ್ಲಿ 2013ರಲ್ಲಿ ದಂಡಸಂಹಿತೆಯ 370ನೇ ಕಲಮನ್ನು ಹೊಸದಾಗಿ ಬರೆದಾಗ ಮೊದಲ ಬಾರಿಗೆ ಸಾಗಣೆಗೆ ಪಲೆರ್ಮೊ ಒಪ್ಪಂದಕ್ಕೆ ಹತ್ತಿರವಾದ ವ್ಯಾಖ್ಯೆ ದೊರೆಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು. ಸಾಗಿಸಿದವನಿಗೆ ಕನಿಷ್ಠ ಏಳು ವರ್ಷ, ಬಲಿಪಶು ಮಗುವಾಗಿದ್ದರೆ ಕನಿಷ್ಠ ಹತ್ತು ವರ್ಷ ಸೆರೆ. ಸಾಗಿಸಲ್ಪಟ್ಟವಳೆಂದು ಗೊತ್ತಿದ್ದೂ ಅವಳನ್ನು ಬಳಸಿಕೊಂಡವನಿಗೂ 144ನೇ ಕಲಮಿನಲ್ಲಿ ಶಿಕ್ಷೆಯಿದೆ. ಇಷ್ಟಾಗಿಯೂ ಒಂದು ಲೋಪ ಉಳಿಯಿತು. 2013ರ ಸುಗ್ರೀವಾಜ್ಞೆಯಲ್ಲಿ ಶೋಷಣೆಯ ಅರ್ಥದೊಳಗೆ ಬಲವಂತದ ದುಡಿಮೆಯೂ ಇತ್ತು. ಸಂಸತ್ತು ಅಂತಿಮವಾಗಿ ಒಪ್ಪಿದ ಕಾಯ್ದೆಯಲ್ಲಿ ಆ ಪದಗಳು ಇರಲಿಲ್ಲ. ಸಂವಿಧಾನದ 23ನೇ ವಿಧಿಯಲ್ಲಿ ಕೂಡಿದ್ದದ್ದು ಇಲ್ಲಿ ಎರಡನೆಯ ಬಾರಿಗೆ ಬೇರೆಯಾಯಿತು. ಸಮಗ್ರವಾದ ಸಾಗಣೆ ತಡೆ ಮಸೂದೆಯೊಂದು 2018ರ ಜುಲೈಯಲ್ಲಿ ಲೋಕಸಭೆಯ ಒಪ್ಪಿಗೆ ಪಡೆದು ರಾಜ್ಯಸಭೆಗೆ ಬರುವ ಮುನ್ನವೇ ಆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. 2021ರಲ್ಲಿ ಪ್ರಕಟವಾದ ಕರಡು ಕರಡಾಗಿಯೇ ಉಳಿಯಿತು. 2019ರಲ್ಲಿ ರಾಷ್ಟ್ರೀಯ ತನಿಖಾ ದಳಕ್ಕೆ ಈ ಅಪರಾಧಗಳ ತನಿಖೆಯ ಅಧಿಕಾರ ಸಿಕ್ಕಿತು.

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ 2022ರ ವರದಿಯಲ್ಲಿ ಎಲ್ಲ ಬಗೆಯ ಮಾನವ ಸಾಗಣೆಯೂ ಸೇರಿ ದೇಶದಲ್ಲಿ ದಾಖಲಾದ ಪ್ರಕರಣಗಳು 2,250, ಬಲಿಪಶುಗಳು 6,036 ಮತ್ತು ಅವರಲ್ಲಿ ಮಕ್ಕಳು 2,878. 140 ಕೋಟಿ ಜನರ ದೇಶದಲ್ಲಿ ಇಷ್ಟು ಚಿಕ್ಕ ಸಂಖ್ಯೆ ನೆಮ್ಮದಿ ತರಬೇಕಾದದ್ದಲ್ಲ. ಠಾಣೆಗಳು ಇಂಥ ಪ್ರಕರಣಗಳನ್ನು ಕಾಣೆಯಾದವರ ದೂರೆಂದೋ ಅಪಹರಣವೆಂದೋ ‘ಓಡಿಹೋದದ್ದು’ ಎಂದೋ ಬರೆದುಕೊಳ್ಳುವ ಅಭ್ಯಾಸವನ್ನು ಅದು ತೋರಿಸುತ್ತದೆ. ಶಿಕ್ಷೆಯ ಪ್ರಮಾಣವಂತೂ ಇನ್ನೂ ಚಿಕ್ಕದು. 2018ರಿಂದ 2022ರವರೆಗಿನ ಐದು ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದರೆ ಶಿಕ್ಷೆಗೊಳಗಾದ ಆರೋಪಿಗಳು ಸಾವಿರದ ಆಸುಪಾಸಿನಲ್ಲಿದ್ದರು.

ಮೊಕದ್ದಮೆಗಳು ಬೀಳುವುದಕ್ಕೆ ಕಾರಣ ಬಹುಮಟ್ಟಿಗೆ ಭೂಗೋಳ. ಅಪರಾಧ ಶುರುವಾದದ್ದು ಬಂಗಾಳದ ಹಳ್ಳಿಯಲ್ಲಿ, ಮುಗಿದದ್ದು ಪುಣೆಯಲ್ಲಿ. ವಿಚಾರಣೆ ನಡೆಯುವುದು ಪುಣೆಯಲ್ಲಿ, ಸಾಕ್ಷಿ ನುಡಿಯಬೇಕಾದವಳು ಹಳ್ಳಿಯಲ್ಲಿ. ನಾಲ್ಕೈದು ವರ್ಷಗಳ ಮೇಲೆ ಸಮನ್ಸ್ ಬರುವ ಹೊತ್ತಿಗೆ ಅವಳಿಗೆ ಮದುವೆಯಾಗಿರಬಹುದು, ಗಂಡನಿಗೆ ಹಿಂದಿನದು ತಿಳಿಯದಿರಬಹುದು. ಅವಳನ್ನು ಮಾರಿದವನ ಮನೆ ಅವಳ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿರಬಹುದು. ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಸಾಗಣೆಗೊಳಗಾದ ಮಕ್ಕಳ ಸಾಕ್ಷ್ಯವನ್ನು ಅವರಿರುವ ಊರಿನ ಸಮೀಪದ ನ್ಯಾಯಾಲಯದಿಂದಲೇ ವಿಡಿಯೋ ಮೂಲಕ ದಾಖಲಿಸುವ ವಿಧಾನವನ್ನು ನಿಗದಿಪಡಿಸಿದ್ದು ಈ ಕಾರಣದಿಂದ. 2025ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯುತ್ತ ಅದೇ ನ್ಯಾಯಾಲಯವು, ಸಾಗಣೆಗೊಳಗಾದ ಬಾಲಕಿಯನ್ನು ಅಪರಾಧದ ಪಾಲುದಾರಳಂತೆ ಸಂಶಯದಿಂದ ನೋಡಬಾರದು, ಅವಳ ಹೇಳಿಕೆಯಲ್ಲಿನ ಸಣ್ಣಪುಟ್ಟ ವ್ಯತ್ಯಾಸಗಳಿಗಾಗಿ ಅದನ್ನು ತಳ್ಳಿಹಾಕಬಾರದು, ನಂಬಲರ್ಹವಾದರೆ ಅವಳೊಬ್ಬಳ ಸಾಕ್ಷ್ಯವೇ ಸಾಕು ಎಂದು ಹೇಳಿತು. ಕೆಳಗಿನ ನ್ಯಾಯಾಲಯಗಳು ಈ ಮಾತನ್ನು ದಿನನಿತ್ಯದ ಪಾಠವಾಗಿ ತೆಗೆದುಕೊಂಡರೆ ಬಹಳ ಬದಲಾಗುತ್ತದೆ.

ಇಲ್ಲಿ ಒಂದು ವಾದವನ್ನು ಎದುರಿಸಲೇಬೇಕು. ಹೈದರಾಬಾದಿನ ‘ಪ್ರಜ್ವಲಾ’ ಸಂಸ್ಥೆಯನ್ನು ಕಟ್ಟಿದ ಸುನೀತಾ ಕೃಷ್ಣನ್ ಅವರಂಥವರು ವೇಶ್ಯಾವೃತ್ತಿಯನ್ನೇ ಹಿಂಸೆಯೆಂದು ಕಂಡು ಬಿಡುಗಡೆಗೆ ಒತ್ತು ಕೊಡುತ್ತಾರೆ. ಸೋನಾಗಾಚಿಯ ದುರ್ಬಾರ್ ಮಹಿಳಾ ಸಮನ್ವಯ ಸಮಿತಿಯಂಥ ಸಂಘಟನೆಗಳು ಅದು ದುಡಿಮೆ, ವಯಸ್ಕ ಹೆಣ್ಣಿನ ನಿರ್ಧಾರ, ದಾಳಿಗಳಿಂದ ತಮಗೇ ಹಾನಿ ಎನ್ನುತ್ತವೆ. ಸ್ವಇಚ್ಛೆಯಿಂದಿರುವ ವಯಸ್ಕ ಹೆಣ್ಣಿನ ಮೇಲೆ ಪೊಲೀಸರು ಕ್ರಮ ಕೈಗೊಳ್ಳಬಾರದು, ಅವಳಿಗೂ ಘನತೆಯ ಬದುಕಿನ ಹಕ್ಕಿದೆ ಎಂದು ಸರ್ವೋಚ್ಚ ನ್ಯಾಯಾಲಯ 2022ರ ಮೇ ತಿಂಗಳಲ್ಲಿ ನಿರ್ದೇಶಿಸಿದೆ. ಎರಡೂ ಪಕ್ಷಗಳ ಜಗಳ ಬಹುಕಾಲ ಇಚ್ಛೆ ಎಂಬ ಪದದ ಸುತ್ತಲೇ ತಿರುಗಿದೆ. ಆದರೆ ಒಬ್ಬಳ ಮನಸ್ಸಿನೊಳಗಿನ ಇಚ್ಛೆಯನ್ನು ದಾಳಿಗೆ ಬಂದ ಅಧಿಕಾರಿ ಹತ್ತು ನಿಮಿಷದಲ್ಲಿ ಅಳೆಯಲಾರ. ಅಳೆಯಬಹುದಾದದ್ದು ಬೇರೆ ಇದೆ. ಅವಳ ಹೆಸರಿನಲ್ಲಿ ಸಾಲವಿದೆಯೇ, ಗಳಿಕೆ ಯಾರ ಕೈಸೇರುತ್ತದೆ, ಗುರುತಿನ ಚೀಟಿ ಮತ್ತು ಫೋನು ಯಾರ ಬಳಿ ಇವೆ, ನಾಳೆ ಹೊರಟರೆ ಯಾರು ತಡೆಯುತ್ತಾರೆ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಜೀತ ಯಾವುದು, ಅಲ್ಲದ್ದು ಯಾವುದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಈ ಪ್ರಶ್ನೆಗಳನ್ನು ಕೇಳುವ ಕಾನೂನು ದೇಶದಲ್ಲಿ ಈಗಾಗಲೇ ಇದೆ, ಅದೇ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಅದರಂತೆ ಜೀತದ ಸಾಲ ತೀರಿಸಬೇಕಾದದ್ದೇ ಅಲ್ಲ, ಅದು ಕಾನೂನಿನ ಕಣ್ಣಿನಲ್ಲಿ ಸತ್ತ ಸಾಲ; ಮೇಲಾಗಿ ಅದು ಜೀತದ ಸಾಲವಲ್ಲವೆಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದೇ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರಿದ್ದ ಪೀಠವು, ಹಸಿವು ಮತ್ತು ಬಡತನದ ಒತ್ತಡವೂ 23ನೇ ವಿಧಿಯ ಅರ್ಥದಲ್ಲಿ ಬಲವಂತವೇ ಎಂದು ತೀರ್ಪು ಕೊಟ್ಟಿತು. ಹೊಡೆತದ ಗಾಯ ತೋರಿಸಲಾಗದ ಹುಡುಗಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಕೇಂದ್ರ ಸರ್ಕಾರ 2016ರಲ್ಲಿ ಜೀತಮುಕ್ತರ ಪುನರ್ವಸತಿ ಯೋಜನೆಯನ್ನು ಪರಿಷ್ಕರಿಸಿದಾಗ ವಯಸ್ಕ ಗಂಡಸರಿಗೆ 1 ಲಕ್ಷ ರೂಪಾಯಿ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ ರೂಪಾಯಿ ಎಂದು ನಿಗದಿ ಮಾಡಿ, ವೇಶ್ಯಾಗೃಹ, ಮಸಾಜ್ ಪಾರ್ಲರು, ನೇಮಕಾತಿ ಏಜೆನ್ಸಿಗಳ ಲೈಂಗಿಕ ಶೋಷಣೆಯಿಂದ ಬಿಡುಗಡೆಯಾದವರನ್ನು ಹೆಸರಿಸಿಯೇ 3 ಲಕ್ಷ ರೂಪಾಯಿಯ ಮೂರನೆಯ ವರ್ಗವನ್ನು ಸೇರಿಸಿತು. ತಕ್ಷಣದ ಸಣ್ಣ ನೆರವನ್ನು ಬಿಟ್ಟು ಪೂರ್ತಿ ಮೊತ್ತವನ್ನು ನ್ಯಾಯಾಲಯದ ಪ್ರಕ್ರಿಯೆಗೆ ಕಟ್ಟಿಹಾಕಿದ್ದು ಆ ಯೋಜನೆಯ ದೊಡ್ಡ ದೋಷ, ಏಕೆಂದರೆ ಶಿಕ್ಷೆಯಾಗುವವರೆಗೆ ಕಾಯಬೇಕಾದವಳು ಬದುಕುವುದು ಹೇಗೆಂಬುದೇ ಸಾಗಣೆದಾರನ ಬಂಡವಾಳ. ಈ ಕಟ್ಟನ್ನು ಬಿಚ್ಚಬೇಕು.

ಅಲ್ಲಿಯವರೆಗೂ ಮಾಡಬಹುದಾದದ್ದು ಸಾಕಷ್ಟಿದೆ. ಜೀತಮುಕ್ತಿಯ ಪ್ರಮಾಣಪತ್ರ ಕೊಡುವ ಅಧಿಕಾರ ಜಿಲ್ಲಾಡಳಿತದ್ದು. ಪ್ರತಿ ಜಿಲ್ಲೆಯಲ್ಲಿಯೂ ಉಪವಿಭಾಗದಲ್ಲಿಯೂ ಜಾಗೃತಿ ಸಮಿತಿಗಳು ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ದಾಳಿಯಲ್ಲಿ ಬಿಡುಗಡೆಯಾದ ಪ್ರತಿ ಹೆಣ್ಣಿನ ವಿಷಯದಲ್ಲಿ ಪೊಲೀಸರು ಸಾಗಣೆಯ ಕಲಮಿನ ಜೊತೆಗೆ ಜೀತದ ಕಾಯ್ದೆಯನ್ನೂ ಹಚ್ಚಬೇಕು. ಆಕೆಯ ಪರ ನಿಂತ ವಕೀಲರು ಮತ್ತು ಸಂಸ್ಥೆಗಳು ಪ್ರಮಾಣಪತ್ರಕ್ಕಾಗಿ ಜಿಲ್ಲಾಡಳಿತದ ಮುಂದೆ ಅರ್ಜಿ ಹಾಕಬೇಕು. ಕೆಲಸಕ್ಕೆಂದು ಹೋದ ಊರಿನ ಹುಡುಗಿ ಫೋನಿಗೆ ಸಿಗದಿದ್ದರೆ, ಅವಳನ್ನು ಕರೆದೊಯ್ದವರ ಮಾತು ದಿನಕ್ಕೊಂದಾದರೆ, ಓದುಗರು ಊರಿನ ಮಾನದ ಮಾತಿಗೆ ಕಾಯದೆ ಠಾಣೆಯಲ್ಲಿ ದೂರು ಬರೆಸಬೇಕು. ಹದಿನೆಂಟು ತುಂಬದವಳಾದರೆ 1098ಕ್ಕೆ, ವಯಸ್ಕಳಾದರೆ ಮಹಿಳಾ ಸಹಾಯವಾಣಿ 181ಕ್ಕೆ ಆ ದಿನವೇ ಕರೆ ಮಾಡಬೇಕು.